ಮೂರು ವರ್ಷದ ಒತ್ತಡಕ್ಕೆ ಅಡ್ರಿನಲ್ ಗ್ರಂಥಿ ಬತ್ತಿಹೋಗುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ. ಮೂರು ವರ್ಷದಿಂದ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಹಗಲು ಒಬ್ಬರು ಸಹಾಯಕ್ಕೆ ಬರುತ್ತಾರೆ, ಉಳಿದ ಹೊತ್ತು ನೋಡಿಕೊಳ್ಳುವವಳು ನಾನೇ. ಜೊತೆಗೆ ಆಫೀಸ್ ಕೆಲಸ. ಒಂದು ವರ್ಷದಿಂದ ವಿಪರೀತ ಸುಸ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬೆಳಗ್ಗೆ ಏಳುವುದೇ ಕಷ್ಟ. ಹೊಟ್ಟೆ ಸುತ್ತ ಬೊಜ್ಜು ಬಂದಿದೆ. ಒಬ್ಬ ಆರೋಗ್ಯ ಸಲಹೆಗಾರರು ದಿನಕ್ಕೆ ನಾಲ್ಕು ಸಲ ಎಂಜಲು ತೆಗೆದು ಪರೀಕ್ಷೆ ಮಾಡಿಸಿದರು. 'ಅಡ್ರಿನಲ್ ಫಟೀಗ್, ಮೂರನೇ ಹಂತ' ಅಂದರು. ಒತ್ತಡ ಜಾಸ್ತಿಯಾಗಿ ಗ್ರಂಥಿ ಬತ್ತಿಹೋಗಿದೆಯಂತೆ. ಎರಡು ತಿಂಗಳಿಂದ ಅವರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಚುರುಕು ಬಂದ ಹಾಗಿತ್ತು, ಈಗ ಎದೆ ಡವಗುಟ್ಟುತ್ತದೆ. ನನ್ನ ಗ್ರಂಥಿ ಮತ್ತೆ ಸರಿಹೋಗುತ್ತದಾ ಡಾಕ್ಟರೇ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಒತ್ತಡದಿಂದ ಅಡ್ರಿನಲ್ ಗ್ರಂಥಿ ಬತ್ತುವುದಿಲ್ಲ. ಮೂರು ವರ್ಷ ಇರಲಿ, ಹತ್ತು ವರ್ಷ ಇರಲಿ. ನಿಮ್ಮ ಸುಸ್ತು ಮಾತ್ರ ನೂರಕ್ಕೆ ನೂರು ನಿಜ. ಅದನ್ನು ಯಾರಾದರೂ 'ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಅಂದರೆ ಕೇಳಬೇಡಿ. ಈ ಎರಡೂ ಮಾತನ್ನು ಒಟ್ಟಿಗೆ ಇಟ್ಟುಕೊಂಡು ಮುಂದೆ ಓದಿ. ಎದೆ ಡವಗುಟ್ಟುವ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು, ಅದಕ್ಕೂ ಬರುತ್ತೇನೆ. ಅಲ್ಲಿಯವರೆಗೆ ಒಂದು ವಿನಂತಿ: ಇದನ್ನು ಓದಿದ ಕೂಡಲೇ ಆ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ.

ಅಡ್ರಿನಲ್ ಗ್ರಂಥಿಗಳು ಎರಡು. ಎರಡು ಕಿಡ್ನಿಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುತ್ತವೆ. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ, ಅಷ್ಟೇ. ಒಂದೇ ಮನೆಯಲ್ಲಿ ಎರಡು ಸಂಸಾರ ಇದ್ದ ಹಾಗೆ ಅದರೊಳಗೆ ಎರಡು ಭಾಗಗಳಿವೆ. ಒಳಗಿನ ತಿರುಳು ಅಡ್ರಿನಲಿನ್ ಮಾಡುತ್ತದೆ. ನಾಯಿ ಮೈಮೇಲೆ ಬಂದಾಗ ಎದೆ ಒಮ್ಮೆಲೇ ಹೊಡೆದುಕೊಳ್ಳುತ್ತದಲ್ಲ, ಅದು ಇದರ ಕೆಲಸ. ಹೊರಗಿನ ಭಾಗ ನಿಧಾನದ್ದು. ಅದು ಒತ್ತಡವನ್ನು ತಡೆದುಕೊಳ್ಳಲು ಮೈಗೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡುತ್ತದೆ, ಮೈಯಲ್ಲಿ ಉಪ್ಪು-ನೀರಿನ ಲೆಕ್ಕ ಇಡುವ ಆಲ್ಡೋಸ್ಟಿರೋನ್ ಮಾಡುತ್ತದೆ, ಜೊತೆಗೆ ಸ್ವಲ್ಪ ಗಂಡು ಹಾರ್ಮೋನುಗಳನ್ನೂ ಮಾಡುತ್ತದೆ, ಹೆಂಗಸರಲ್ಲೂ.

ಈ ಪುಟ್ಟ ಗ್ರಂಥಿಯ ತಾಕತ್ತು ಎಷ್ಟು ಗೊತ್ತಾ? ಗಡ್ಡೆ ಬಂತು ಅಂತ ಒಂದು ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆದರೂ ಸಾಮಾನ್ಯವಾಗಿ ಇನ್ನೊಂದೇ ಎಲ್ಲವನ್ನೂ ನಿಭಾಯಿಸುತ್ತದೆ. ಕಾಯಿಲೆ ಬಂದು ಎರಡೂ ಗ್ರಂಥಿಗಳ ಹೊರಭಾಗ ಹಾಳಾಗುತ್ತಾ ಹೋದರೂ, ಸುಮಾರು ಶೇಕಡಾ 90ರಷ್ಟು ಹೋಗುವವರೆಗೆ ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಆರೋಗ್ಯವಂತರ ಮೈ ದಿನಕ್ಕೆ ಅಂದಾಜು 10ರಿಂದ 15 ಮಿಲಿಗ್ರಾಂ ಕಾರ್ಟಿಸಾಲ್ ಮಾಡುತ್ತದೆ. ದೊಡ್ಡ ಸೋಂಕು ತಗುಲಿದರೆ ಅದೇ ಗ್ರಂಥಿ ಇದರ ಹಲವು ಪಟ್ಟು ಮಾಡಬಲ್ಲದು. ಇಷ್ಟೊಂದು ಮೀಸಲು ಶಕ್ತಿ ಇಟ್ಟುಕೊಂಡಿರುವ ಅಂಗ ಆಫೀಸು, ಮನೆ, ನಿದ್ದೆಗೆಟ್ಟ ರಾತ್ರಿಗಳಿಂದ ಒಣಗಿಹೋಗುವುದಿಲ್ಲ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಇದರ ಬೇರು ಹಳೆಯದು. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಚಳಿಗೆ ಒಡ್ಡಿದರೂ, ಅತಿಯಾಗಿ ಓಡಿಸಿದರೂ, ವಿಷದ ಪದಾರ್ಥ ಕೊಟ್ಟರೂ ಇಲಿಗಳ ಮೈಯೊಳಗೆ ಒಂದೇ ಥರದ ಬದಲಾವಣೆ ಕಾಣುತ್ತಿತ್ತು. ಮೊದಲು ಗಾಬರಿಯ ಹಂತ, ಆಮೇಲೆ ತಡೆದುಕೊಳ್ಳುವ ಹಂತ, ಕೊನೆಗೆ ಸೋಲುವ ಹಂತ ಅಂತ ಅವರು ಹೇಳಿದರು. ನಿಮ್ಮ ವರದಿಯ 'ಮೂರನೇ ಹಂತ' ಇದರ ನೆರಳು. ಆದರೆ ಆ ಇಲಿಗಳ ಅಡ್ರಿನಲ್ ಗ್ರಂಥಿಗಳು ಒತ್ತಡದಲ್ಲಿ ದಪ್ಪವಾಗಿದ್ದವು. ಕೆಲಸ ಜಾಸ್ತಿಯಾದ ಹಾಗೆ ಗ್ರಂಥಿ ಬೆಳೆಯುತ್ತದೆ, ತೋಳಿಗೆ ಕೆಲಸ ಕೊಟ್ಟರೆ ಸ್ನಾಯು ಬೆಳೆದ ಹಾಗೆ.

'ಅಡ್ರಿನಲ್ ಫಟೀಗ್' ಅನ್ನುವ ಹೆಸರು ಹುಟ್ಟಿದ್ದು 1998ರಲ್ಲಿ, ಅದೂ ಹಾರ್ಮೋನು ವೈದ್ಯರ ವಲಯದ ಹೊರಗೆ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಹಾರ್ಮೋನು ತಜ್ಞರು ಈ ಬಗ್ಗೆ ಅದುವರೆಗೆ ಆಗಿದ್ದ 58 ಅಧ್ಯಯನಗಳನ್ನು ಒಟ್ಟಿಗೆ ಕೂರಿಸಿ ನೋಡಿದರು. ಇಂಥದ್ದೊಂದು ಕಾಯಿಲೆ ಇದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಸುಸ್ತು ಇರುವವರ ಕಾರ್ಟಿಸಾಲ್ ಒಂದು ಅಧ್ಯಯನದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ.

ಈ ಹೆಸರು ಜನಕ್ಕೆ ಯಾಕೆ ಹಿಡಿಸಿತು ಅನ್ನುವುದು ನನಗೆ ಅರ್ಥವಾಗುತ್ತದೆ. ಸುಸ್ತು ಅಂತ ಡಾಕ್ಟರ ಹತ್ತಿರ ಹೋಗುತ್ತೀರಿ. ರಕ್ತ ಪರೀಕ್ಷೆ ಆಗುತ್ತದೆ. 'ಎಲ್ಲಾ ನಾರ್ಮಲ್ ಇದೆ, ಆರಾಮಾಗಿರಿ' ಅಂತ ಕಳಿಸುತ್ತಾರೆ. ಆರಾಮಾಗಿರಲು ಆಗದೇ ಇದ್ದುದಕ್ಕೆ ತಾನೇ ಹೋದದ್ದು? ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ಒಂದು ಗಂಟೆ ಕೂತು ನಿಮ್ಮ ಮಾತು ಕೇಳಿ, ಕಷ್ಟಕ್ಕೊಂದು ಹೆಸರು ಕೊಟ್ಟರೆ ದೊಡ್ಡ ಸಮಾಧಾನ. ನಮ್ಮ ವೃತ್ತಿಯವರು ಆ ಒಂದು ಗಂಟೆ ಕೊಡುತ್ತಿಲ್ಲ. ಅದು ನಮ್ಮ ತಪ್ಪು ಅಂತಲೇ ನಾನು ಹೇಳುತ್ತೇನೆ.

ಈಗ ಒತ್ತಡ ನಿಜವಾಗಿ ಏನು ಮಾಡುತ್ತದೆ ನೋಡೋಣ. ಅಡ್ರಿನಲ್ ಗ್ರಂಥಿ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ, ಅದು ಹೇಳಿದ ಕೆಲಸ ಮಾಡುವ ಆಳು. ಹೇಳುವುದು ಮೆದುಳು. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್‌ಗೆ ಹೇಳುತ್ತದೆ. ಕಾರ್ಟಿಸಾಲ್ ಸಾಕಷ್ಟು ಬಂದ ಮೇಲೆ ಅದೇ ಕಾರ್ಟಿಸಾಲ್ ಮೆದುಳಿಗೆ ಹೋಗಿ 'ಸಾಕು' ಅನ್ನುತ್ತದೆ. ಗೀಸರ್‌ನಲ್ಲಿ ನೀರು ಕಾದ ಮೇಲೆ ತಾನಾಗಿ ಆಫ್ ಆಗುತ್ತದಲ್ಲ, ಹಾಗೆ.

ಇದಕ್ಕೊಂದು ದಿನದ ಲಯವೂ ಇದೆ. ನಡುರಾತ್ರಿಯ ಹೊತ್ತಿಗೆ ಕಾರ್ಟಿಸಾಲ್ ತೀರಾ ಕಡಿಮೆ. ರಾತ್ರಿ ಎರಡು-ಮೂರು ಗಂಟೆಯಿಂದ ಮೆಲ್ಲಗೆ ಏರತೊಡಗುತ್ತದೆ. ಎದ್ದ ಮೇಲೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಏರಿಕೆ. ಆಮೇಲೆ ದಿನವಿಡೀ ಇಳಿಯುತ್ತಾ ಬರುತ್ತದೆ. ನಿಮಗೆ ಎಚ್ಚರವಾಗುವುದು ಮೂರಕ್ಕೆ ಅಲ್ವಾ? ರಾತ್ರಿಯ ಈ ಎರಡನೇ ಅರ್ಧದಲ್ಲಿ ನಿದ್ದೆ ಎಲ್ಲರಿಗೂ ತೆಳುವೇ. ಎಲ್ಲರಿಗೂ ಒಂದೆರಡು ಸಲ ಎಚ್ಚರವಾಗುತ್ತದೆ, ಮಗ್ಗಲು ಬದಲಿಸಿ ಮಲಗುತ್ತಾರೆ. ನಿಮ್ಮ ಕಿವಿ ಮಾತ್ರ ಮೂರು ವರ್ಷದಿಂದ ಪಕ್ಕದ ಕೋಣೆಯ ಕಡೆಗೇ ಇದೆ. ಅತ್ತೆ ಕೆಮ್ಮಿದರಾ, ಕರೆದರಾ, ಬಟ್ಟೆ ಒದ್ದೆಯಾಯಿತಾ ಅಂತ. ಮೆದುಳು ಆ ಕಾವಲನ್ನು ಕಲಿತುಬಿಟ್ಟಿದೆ. ಅವರು ಕರೆಯದಿದ್ದರೂ ಅದು ಎಬ್ಬಿಸುತ್ತದೆ.

ಒತ್ತಡ ವರ್ಷಗಟ್ಟಲೆ ಇದ್ದರೆ ಆ ಲಯವೂ 'ಸಾಕು' ಅನ್ನುವ ವ್ಯವಸ್ಥೆಯೂ ಮಂಕಾಗುತ್ತವೆ. ಬೆಳಗಿನ ಏರಿಕೆ ಕುಗ್ಗುತ್ತದೆ, ರಾತ್ರಿ ಇಳಿಯಬೇಕಾದ್ದು ಪೂರ್ತಿ ಇಳಿಯುವುದಿಲ್ಲ. ಕೆಲವರಿಗೆ ಒಟ್ಟು ಕಾರ್ಟಿಸಾಲ್ ಸ್ವಲ್ಪ ಜಾಸ್ತಿ, ಕೆಲವರಿಗೆ ಸ್ವಲ್ಪ ಕಡಿಮೆ. ಈ ಏರುಪೇರು ಹುಟ್ಟುವುದು ಮೆದುಳಿನ ಹೇಳಿಕೆಯಲ್ಲಿ. ಇಂಥವರಿಗೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ನೋಡಿದಾಗ, ನನ್ನ ಅನುಭವದಲ್ಲಿ, ಗ್ರಂಥಿ ಚೆನ್ನಾಗಿಯೇ ಓಗೊಡುತ್ತದೆ.

ಕಾರ್ಟಿಸಾಲ್ ರಾತ್ರಿಯೂ ಇಳಿಯದಿದ್ದರೆ ಬೇರೆ ಅಂಗಗಳು ಅದರ ಬೆಲೆ ತೆರುತ್ತವೆ. ಲಿವರ್ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ, ಬಿಪಿ ಏರುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ತಗ್ಗುತ್ತದೆ. 1999ರ ಒಂದು ಪ್ರಯೋಗದಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ಸಂಜೆಯ ಕಾರ್ಟಿಸಾಲ್ ಏರಿತು, ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತು. ಆರೇ ರಾತ್ರಿಗೆ! ನೀವು ಮೂರು ವರ್ಷದಿಂದ ಹೀಗೇ ಮಲಗುತ್ತಿದ್ದೀರಿ.

ಇನ್ನೊಂದು ಅಧ್ಯಯನ ನಿಮ್ಮಂಥವರದ್ದೇ. 1995ರಲ್ಲಿ ಅಮೆರಿಕದ ಓಹಾಯೊದಲ್ಲಿ, ಮರೆವಿನ ಕಾಯಿಲೆ ಇದ್ದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರ್‌ನ ಚಿಕ್ಕ ಗಾಯ ಮಾಡಿದರು. ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಹೆಂಗಸರಿಗೂ ಹಾಗೇ ಮಾಡಿದರು. ಹೊರೆ ಇಲ್ಲದವರ ಗಾಯ ಸರಾಸರಿ 39 ದಿನಕ್ಕೆ ಮಾಯಿತು. ನೋಡಿಕೊಳ್ಳುವವರದ್ದು ಮಾಯಲು ಸುಮಾರು 49 ದಿನ ಬೇಕಾಯಿತು. ಈ ಲೆಕ್ಕವನ್ನು ನಾನು ಎಷ್ಟೋ ಗಂಡಂದಿರಿಗೆ, ಮಕ್ಕಳಿಗೆ ಹೇಳಿದ್ದೇನೆ. ಒಬ್ಬರು ಹಗಲೂ ರಾತ್ರಿ ಇನ್ನೊಬ್ಬರ ಸೇವೆ ಮಾಡುತ್ತಿದ್ದರೆ ಅದು ಅವರ ಚರ್ಮದ ಗಾಯದಲ್ಲೂ ಕಾಣುತ್ತದೆ ಅಂದಾಗ ಮನೆಯವರು ಒಮ್ಮೆ ಸುಮ್ಮನಾಗಿ ಯೋಚಿಸುತ್ತಾರೆ.

ನಿಮ್ಮ ಎಂಜಲು ಪರೀಕ್ಷೆಯ ವಿಷಯ. ಎಂಜಲಿನಲ್ಲಿ ಕಾರ್ಟಿಸಾಲ್ ಅಳೆಯುವುದು ಸುಳ್ಳು ವಿದ್ಯೆಯಲ್ಲ. ಕಾರ್ಟಿಸಾಲ್ ವಿಪರೀತ ಜಾಸ್ತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನ ಬಂದಾಗ ರಾತ್ರಿ ಮಲಗುವ ಹೊತ್ತಿನ ಎಂಜಲನ್ನು ನಾನೇ ತರಿಸುತ್ತೇನೆ. ಒಂದು ದಿನದ ನಾಲ್ಕು ಸಂಖ್ಯೆ ನೋಡಿ ಗ್ರಂಥಿ ಸೋತಿದೆ, ಮೂರನೇ ಹಂತ ಅಂತ ಹೇಳುವುದು ಮಾತ್ರ ತಪ್ಪು. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ, ತಡವಾಗಿ ಎದ್ದಿದ್ದರೆ, ಎದ್ದು ಎಷ್ಟು ಹೊತ್ತಿಗೆ ಎಂಜಲು ತೆಗೆದಿರಿ ಅನ್ನುವುದರಲ್ಲಿ ಅರ್ಧ ಗಂಟೆ ಹೆಚ್ಚುಕಮ್ಮಿಯಾದರೆ ಆ ಗೆರೆ ಬೇರೆಯೇ ಆಕಾರಕ್ಕೆ ತಿರುಗುತ್ತದೆ.

ಗ್ರಂಥಿಗೆ ಬಲ ಇದೆಯೋ ಇಲ್ಲವೋ ನೋಡಲು ಸರಿಯಾದ ದಾರಿ ಇದೆ. ಬೆಳಗ್ಗೆ ಎಂಟರ ಸುಮಾರಿಗೆ ರಕ್ತದ ಕಾರ್ಟಿಸಾಲ್ ನೋಡುತ್ತೇವೆ. ಅದು ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಗಂಭೀರ. 15-18 ದಾಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಡುವೆ ಇದ್ದರೆ ಎಸಿಟಿಎಚ್‌ನಂಥದ್ದೇ 250 ಮೈಕ್ರೋಗ್ರಾಂ ಔಷಧಿಯ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಗೆ ಮತ್ತು ಒಂದು ಗಂಟೆಗೆ ಮತ್ತೆ ರಕ್ತ ತೆಗೆಯುತ್ತೇವೆ. ಆಳನ್ನು ಜೋರಾಗಿ ಕರೆದು, ಬರುತ್ತಾನಾ ಅಂತ ನೋಡಿದ ಹಾಗೆ. ರಾತ್ರಿ ಪಾಳಿ ಮಾಡುವವರು ಅದನ್ನು ಮೊದಲೇ ಹೇಳಬೇಕು. ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇದ್ದರೆ ರಕ್ತದ ಕಾರ್ಟಿಸಾಲ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಅದನ್ನೂ ಹೇಳಿ.

ಈಗ ಮಾತ್ರೆ. 'ಅಡ್ರಿನಲ್‌ಗೆ ಬಲ ಕೊಡುವ' ಅಂತ ಮಾರುವ 12 ಮಾತ್ರೆಗಳನ್ನು ಅಮೆರಿಕದಲ್ಲಿ ತಂದು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನು ಇತ್ತು. ಹೆಚ್ಚಿನವುಗಳಲ್ಲಿ ಒಂದಲ್ಲ ಒಂದು ಸ್ಟೀರಾಯ್ಡ್ ಹಾರ್ಮೋನೂ ಇತ್ತು. ಡಬ್ಬಿಯ ಮೇಲೆ ಈ ಸಂಗತಿ ಬರೆದಿರಲಿಲ್ಲ. ನಿಮ್ಮ ಡಬ್ಬಿಯಲ್ಲಿ ಏನಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಮೊದಲು ಚುರುಕು, ಆಮೇಲೆ ಎದೆ ಡವಗುಟ್ಟುವುದು ಅಂತ ನೀವು ಬರೆದದ್ದನ್ನು ಓದಿದಾಗ ನನ್ನ ಮನಸ್ಸು ಸೀದಾ ಅಲ್ಲಿಗೇ ಹೋಯಿತು.

ಇದಕ್ಕೇ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ ಅಂದದ್ದು. ಕಾರ್ಟಿಸಾಲ್‌ನ ಹಾಗೇ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ಮೂರು-ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಬಂದರೆ ಮೆದುಳು 'ಮನೆಯಲ್ಲಿ ಬೇಕಾದಷ್ಟಿದೆ' ಅಂತ ಎಸಿಟಿಎಚ್ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಕರೆಯುವವರಿಲ್ಲದೆ ಅಡ್ರಿನಲ್ ನಿದ್ದೆ ಹೋಗುತ್ತದೆ. ಆಗ ಮಾತ್ರೆ ದಿಢೀರ್ ನಿಂತರೆ ಕಾರ್ಟಿಸಾಲ್ ಒಳಗೂ ಇಲ್ಲ, ಹೊರಗೂ ಇಲ್ಲ. ಗ್ರಂಥಿಗೆ ಬಲ ಕೊಡಲು ಅಂತ ತೆಗೆದುಕೊಂಡ ಮಾತ್ರೆಯೇ ಗ್ರಂಥಿಯನ್ನು ಮಲಗಿಸಿದ ಒಂದು ಪ್ರಸಂಗ ನಾನೇ ನೋಡಿದ್ದೇನೆ. ಆಕೆ ಚೇತರಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು. ಗಂಟು ನೋವಿಗೆ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆ, ಪದೇ ಪದೇ ಹಾಕಿಸಿಕೊಳ್ಳುವ ಇಂಜೆಕ್ಷನ್, ವರ್ಷಗಟ್ಟಲೆ ಹಚ್ಚುವ ತೀಕ್ಷ್ಣ ಸ್ಟೀರಾಯ್ಡ್ ಮುಲಾಮು, ಇವುಗಳಿಂದಲೂ ಹೀಗಾಗಬಹುದು. ಅಂಥದ್ದೇನಾದರೂ ಬಳಸಿದ್ದರೆ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಅಡ್ರಿನಲ್ ಗ್ರಂಥಿ ನಿಜವಾಗಿಯೂ ಸೋಲುವ ಕಾಯಿಲೆಯೊಂದಿದೆ. ಅದನ್ನು 1855ರಲ್ಲೇ ಲಂಡನ್ನಿನ ವೈದ್ಯ ಥಾಮಸ್ ಆಡಿಸನ್ ವಿವರಿಸಿದರು, ಅವರ ಹೆಸರೇ ಅದಕ್ಕೆ ಬಂತು. ನಮ್ಮ ಮೈಯ ರಕ್ಷಣಾ ಪಡೆ ತಪ್ಪಿ ಗ್ರಂಥಿಯ ಮೇಲೇ ಬೀಳುವುದು ಒಂದು ಕಾರಣ. ಕ್ಷಯ ಗ್ರಂಥಿಗೆ ಹರಡುವುದು ಇನ್ನೊಂದು. ಒತ್ತಡ ಕಾರಣವಲ್ಲ.

ಒಬ್ಬ ಹುಡುಗನ ಕೈ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಇಪ್ಪತ್ತಾರು ವರ್ಷ. ಕೆಲಸದ ಟೆನ್ಶನ್, ಅದಕ್ಕೇ ಸುಸ್ತು ಅಂತ ಒಂದು ವರ್ಷ ಎಲ್ಲರೂ ಹೇಳಿದ್ದರು. ಒಂಬತ್ತು ಕೆಜಿ ಇಳಿದಿದ್ದ. ಕುರ್ಚಿಯಿಂದ ಎದ್ದ ಕೂಡಲೇ ಮೇಜು ಹಿಡಿದುಕೊಂಡ. ನಾನು ಅವನ ಅಂಗೈ ಬಿಡಿಸಿ ನೋಡಿದೆ. ಅಂಗೈ ತಿಳಿಬಣ್ಣ, ಗೆರೆಗಳು ಮಾತ್ರ ಶಾಯಿ ಇಳಿದ ಹಾಗೆ ಕಪ್ಪು. ಬಾಯಿ ತೆರೆಸಿದರೆ ವಸಡಿನ ಮೇಲೂ ಕಪ್ಪು ಮಚ್ಚೆ. ಪಕ್ಕದಲ್ಲಿದ್ದ ತಾಯಿ, 'ಇವನು ಉಪ್ಪನ್ನು ಬೆರಳಲ್ಲಿ ಅದ್ದಿ ಅದ್ದಿ ನೆಕ್ಕುತ್ತಾನೆ ಮೇಡಂ' ಅಂದರು. ಗ್ರಂಥಿ ಸೋತಾಗ ಪಿಟ್ಯುಟರಿ ಜೋರಾಗಿ ಕರೆಯುತ್ತಲೇ ಇರುತ್ತದೆ. ಆ ಹೆಚ್ಚಾದ ಎಸಿಟಿಎಚ್ ಚರ್ಮವನ್ನು ಕಪ್ಪಾಗಿಸುತ್ತದೆ. ಆಲ್ಡೋಸ್ಟಿರೋನ್ ಇಲ್ಲದೆ ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ, ಅದಕ್ಕೇ ಮೈ ಉಪ್ಪು ಬೇಡುತ್ತದೆ. ಅವನ ಬೆಳಗಿನ ಕಾರ್ಟಿಸಾಲ್ ಒಂದೂವರೆ ಕೂಡ ಇರಲಿಲ್ಲ. ಈಗ ದಿನಾ ಕಾರ್ಟಿಸಾಲ್‌ನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆ ತೆಗೆದುಕೊಳ್ಳುತ್ತಾನೆ, ಜ್ವರ ಬಂದರೆ ಡೋಸ್ ಎರಡು ಪಟ್ಟು ಮಾಡಿಕೊಳ್ಳುವುದು ಅವನಿಗೆ ಗೊತ್ತು. ಚೆನ್ನಾಗಿದ್ದಾನೆ.

ನಿಮ್ಮ ಪತ್ರದಲ್ಲಿ ಇದರ ಲಕ್ಷಣ ಕಾಣಲಿಲ್ಲ. ಆಡಿಸನ್ ಕಾಯಿಲೆಯವರು ತೂಕ ಕಳೆದುಕೊಳ್ಳುತ್ತಾರೆ, ನಿಮಗೆ ಹೊಟ್ಟೆ ಬಂದಿದೆ. ಕುಶಿಂಗ್ ಇರಬಹುದೇ ಅನ್ನುವುದನ್ನು ಡಾಕ್ಟರ್ ಮುಖ ನೋಡಿಯೇ ಸುಮಾರಾಗಿ ಹೇಳುತ್ತಾರೆ: ದುಂಡಾದ ಕೆಂಪು ಮುಖ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ಕೂತಲ್ಲಿಂದ ಏಳಲಾರದಷ್ಟು ಸೋತ ತೊಡೆ, ಮುಟ್ಟಿದರೆ ಕಂದುವ ಚರ್ಮ. ಅನುಮಾನವಿದ್ದರೆ ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಬೆಳಗ್ಗೆ ಕಾರ್ಟಿಸಾಲ್ ನೋಡುತ್ತಾರೆ.

ಇವೆರಡಕ್ಕಿಂತ ನನಗೆ ಅನುಮಾನ ಬರುವುದು ತೀರಾ ಸಾಮಾನ್ಯವಾದ ಸಂಗತಿಗಳ ಮೇಲೆ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಅದಕ್ಕೆ ಫೆರಿಟಿನ್ ನೋಡಬೇಕು. ಥೈರಾಯ್ಡ್, ಶುಗರ್, ಬಿ12 ನೋಡಿಸಿ. 41ಕ್ಕೆ ಮುಟ್ಟಿನ ಲಯ ಬದಲಾಗಲು ಶುರುವಾಗಬಹುದು, ಅದೂ ನಿದ್ದೆ ಕೆಡಿಸುತ್ತದೆ. ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಎಷ್ಟು ಮಲಗಿದರೂ ಬೆಳಗ್ಗೆ ಹಗುರಾಗುವುದಿಲ್ಲ. ಮತ್ತೆ ಖಿನ್ನತೆ. ಬೆಳಗಿನ ಜಾವ ಎಚ್ಚರ, ಏಳಲು ಮನಸ್ಸಿಲ್ಲ, ಮೊದಲು ಇಷ್ಟವಾಗುತ್ತಿದ್ದುದು ಈಗ ಬೇಡ ಅನ್ನಿಸುವುದು ಅದರ ಗುರುತುಗಳು. ಹೀಗಿದ್ದರೆ ಅದು ನಿಮ್ಮ ದುರ್ಬಲತೆ ಅಂದುಕೊಳ್ಳಬೇಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇವೆಲ್ಲ ಸರಿ ಇದ್ದರೆ ಚಿಕಿತ್ಸೆ ಆಗಬೇಕಾದ್ದು ನಿಮ್ಮ ರಾತ್ರಿಗಳಿಗೆ. ವಾರಕ್ಕೆ ಎರಡು ರಾತ್ರಿಯಾದರೂ ಅತ್ತೆಯ ಪಾಳಿಯನ್ನು ಬೇರೆಯವರು ಮಾಡಲಿ, ಗಂಡ, ನಾದಿನಿ, ದುಡ್ಡು ಕೊಟ್ಟು ಕರೆಸುವ ಆಯಾ, ಯಾರಾದರೂ ಸರಿ. ಆ ರಾತ್ರಿ ನೀವು ಕೂಗು ಕೇಳಿಸದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ಪಕ್ಕದಲ್ಲೇ ಮಲಗಿದರೆ ಪಾಳಿ ಬೇರೆಯವರದ್ದಾದರೂ ಕಾವಲು ನಿಮ್ಮದೇ ಆಗಿರುತ್ತದೆ. ಮೊದಲ ಎರಡು-ಮೂರು ವಾರ ಅಲ್ಲೂ ಮೂರಕ್ಕೆ ಎಚ್ಚರವಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಮೆದುಳು ಕಾವಲು ಬಿಡಲು ಸಮಯ ಬೇಕು. ಎಚ್ಚರವಾದಾಗ ಗಡಿಯಾರ ನೋಡಬೇಡಿ, ಫೋನ್ ಮುಟ್ಟಬೇಡಿ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತು, ಕಣ್ಣು ಭಾರವಾದಾಗ ಮಲಗಿ. ಯಾವ ದಿನವಾದರೂ ಏಳುವ ಹೊತ್ತು ಒಂದೇ ಇರಲಿ, ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿಗೆ ಬನ್ನಿ. ಕಾಫಿ, ಟೀ ಮಧ್ಯಾಹ್ನದ ಮೇಲೆ ಬೇಡ, ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಆರು ವಾರ ಹೀಗೆ ಮಾಡಿಯೂ ನಿದ್ದೆ ಸರಿಹೋಗದಿದ್ದರೆ ನಿದ್ದೆಗೆಂದೇ ಇರುವ ಮಾತಿನ ಚಿಕಿತ್ಸೆ ಇದೆ. ದೀರ್ಘ ಕಾಲಕ್ಕೆ ಅದು ಮಾತ್ರೆಗಿಂತ ಒಳ್ಳೆಯದು.

ಜೋರು ವ್ಯಾಯಾಮ ಈಗ ಬೇಡ. ಅರ್ಧ ಗಂಟೆ ನಡಿಗೆ ಸಾಕು, ಅದೂ ಮನೆಯಿಂದ ಹೊರಗೆ, ಒಬ್ಬರೇ ಅಥವಾ ಮಾತಾಡಲು ಇಷ್ಟವಾಗುವವರ ಜೊತೆ. 'ಅಷ್ಟು ಹೊತ್ತು ಅವರನ್ನು ಬಿಟ್ಟು ಹೇಗೆ ಹೋಗಲಿ' ಅಂತ ನಿಮ್ಮ ಮನಸ್ಸು ಕೇಳುತ್ತದೆ. ಆ ಮಾತನ್ನೇ ಮನೆಯವರ ಮುಂದೆ ಇಡಿ. ಈ ಉತ್ತರವನ್ನು ಅವರಿಗೆ ಓದಿ ಹೇಳಿದರೂ ಸರಿ. ನಿಮಗೊಬ್ಬರಿಗೇ ಬಿಟ್ಟರೆ ಇದು ಆಗುವ ಕೆಲಸವಲ್ಲ.

ಇನ್ನು ಈ ವಾರದ ಕೆಲಸ. ಎರಡು-ಮೂರು ದಿನದೊಳಗೆ ಒಬ್ಬ ಫಿಸಿಷಿಯನ್ ಅಥವಾ ಹಾರ್ಮೋನು ತಜ್ಞರ ಹತ್ತಿರ ಹೋಗಿ. ಮಾತ್ರೆಯ ಡಬ್ಬಿ, ಎಂಜಲಿನ ವರದಿ, ಬೇರೆ ಏನೇನು ಔಷಧಿ, ಪುಡಿ, ಮುಲಾಮು ಬಳಸುತ್ತಿದ್ದೀರೋ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಡಿ, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ, ಇಸಿಜಿ, ಥೈರಾಯ್ಡ್, ಸೋಡಿಯಂ, ಪೊಟ್ಯಾಸಿಯಂ, ಬೆಳಗಿನ ಕಾರ್ಟಿಸಾಲ್ ನೋಡಿಸಲು ಕೇಳಿ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಕೋ, ಮೆಲ್ಲಗೆ ಇಳಿಸಬೇಕೋ ಅಂತ ಅದನ್ನು ನೋಡಿ ಅವರು ಹೇಳುತ್ತಾರೆ. ಅಷ್ಟರೊಳಗೆ ಎದೆಬಡಿತ ನಿಲ್ಲದೇ ಹೋದರೆ, ಎದೆ ನೋವು ಬಂದರೆ, ಪದೇ ಪದೇ ವಾಂತಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಹಾಗಾದರೆ ಕಾಯಬೇಡಿ. ಸೀದಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಡಬ್ಬಿಯನ್ನು ಅಲ್ಲಿನ ಡಾಕ್ಟರ ಕೈಗೆ ಕೊಟ್ಟು, 'ಇದರಲ್ಲಿ ಸ್ಟೀರಾಯ್ಡ್ ಇರಬಹುದು, ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ' ಅಂತ ಮೊದಲ ಮಾತಲ್ಲೇ ಹೇಳಿ.